ಮಗ್ಗದ ಪಕ್ಕದ ರಿಸೀವರ್

ಮೊಳಕಾಲ್ಮೂರು,
ಶನಿವಾರ

ಮನೆ ಫೋನಿನ ಕಚೇರಿಯ ಮೇಲಧಿಕಾರಿಗಳಿಗೆ ವನಜಾಕ್ಷಿಯ ನಮಸ್ಕಾರಗಳು.

ನಮ್ಮ ಇಂಟರ್ನೆಟ್ ಫೋನಿನ ಬಿಲ್ಲು ಯಾಕೆ ಏರಿತೆಂದು ನೋಡಲು ನಿಮ್ಮ ಕಚೇರಿಯ ವೀರೇಶ್ ನಿನ್ನೆ ಮಧ್ಯಾಹ್ನ ಬಂದಿದ್ದರು. ಮಗ್ಗದ ಪಕ್ಕ ಎತ್ತಿಟ್ಟ ರಿಸೀವರ್ ಕಂಡು, "ಯಾರೂ ಮಾತಾಡ್ತಿಲ್ಲ, ಆದ್ರೂ ಲೈನು ತೆರೆದೇ ಐತಲ್ರಿ. ಸುಮ್ನಿದ್ರೂ ನಿಮಿಷ ಓಡ್ತೈತೆ" ಎಂದರು. ಈಗ ಲೆಕ್ಕ ಅರ್ಥವಾಯಿತು.

ಅದು ಮರೆತು ಎತ್ತಿಟ್ಟಿದ್ದಲ್ಲ. ಚಳ್ಳಕೆರೆಯಲ್ಲಿ ನನ್ನ ಅಕ್ಕ ಇದ್ದಾಳೆ. ಲಕ್ವ ಹೊಡೆದ ಮೇಲೆ ಅವಳಿಗೆ ಮಾತೂ ಇಲ್ಲ, ನಿದ್ದೆಯೂ ಇಲ್ಲ. ನಾವಿಬ್ಬರೂ ಅವ್ವನ ಮಗ್ಗದ ಪಕ್ಕ ಮಲಗಿ ಬೆಳೆದವರು. ಮಗ್ಗದ ಆ ಸದ್ದು ಕನಸಿನೊಳಗೂ ಬರುತ್ತಿತ್ತು. ಹಾಗಾಗಿ ದಿನಾ ಮಧ್ಯಾಹ್ನ ಊಟವಾದ ಮೇಲೆ ಕರೆ ಮಾಡುತ್ತೇನೆ. ಅವಳ ಮಗಳು ಮೊಬೈಲನ್ನು ದಿಂಬಿನ ಹತ್ತಿರ ಇಡುತ್ತಾಳೆ. ಇಲ್ಲಿ ಲಾಳಿ ಓಡುತ್ತದೆ, ಅಲ್ಲಿಂದ ನಿದ್ದೆಯ ಉಸಿರು ಕೇಳತೊಡಗುತ್ತದೆ. ತೀರಿಹೋದ ಅವ್ವನೂ ಸೇರಿ ಮೂವರೂ ಒಂದೇ ಕೋಣೆಯಲ್ಲಿದ್ದೇವೆ ಅನ್ನಿಸುತ್ತದೆ.

ನಿಮ್ಮದೇ ಫೋನಿರುವ ಮನೆಗಳ ನಡುವೆ ಕರೆಗೆ ಶುಲ್ಕವಿಲ್ಲವಂತೆ. ದಯವಿಟ್ಟು ಅಕ್ಕನ ಮನೆಗೂ ಒಂದು ಹಾಕಿಕೊಡಿ. ರಿಸೀವರ್ ಹಗುರವಾಗಿರಲಿ, ಅವಳ ಬಲಗೈ ಏಳುವುದಿಲ್ಲ, ಎಡಗೈಯಲ್ಲೂ ಬಲ ಕಡಿಮೆ.

ಈ ತಿಂಗಳ ಬಿಲ್ಲು ಪೂರ್ತಿ ಕಟ್ಟುತ್ತೇನೆ. ನಿನ್ನೆಯ ಕರೆಯಲ್ಲಿ ಮಾತೇ ಇಲ್ಲವೆಂದು ವೀರೇಶ್ ಬರೆದುಕೊಂಡಿದ್ದಾರೆ, ಅದನ್ನು ಮಾತ್ರ ತಿದ್ದಿಸಿ. ಅವರು ಹೋದ ಮೇಲೆ ಎಳೆ ಹರಿದು ಮಗ್ಗ ನಿಂತಿತು. ಆಗ ಆ ಕಡೆಯಿಂದ ತೊದಲುತ್ತಾ ಒಂದು ದನಿ ಬಂತು:

"ಯಾಕೆ ವನಜಾ... ಎಳೆ ಹರೀತಾ?"

ಇಂತಿ,
ವನಜಾಕ್ಷಿ