ಸೋಮವಾರದ ಕುರ್ಚಿ

ನನ್ನ ಶರ್ಲೀನ್,

ನೀನು ಒಳಗೆ ನಿನ್ನ ಅಮ್ಮನ ಸೋಫಾದ ಮೇಲೆ ಮಲಗಿದ್ದೀಯ. ನಾನು ಹೊರಗೆ ಟ್ರಕ್ಕಿನಲ್ಲಿ ಕೂತು, ಸ್ಟಿಯರಿಂಗಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಹತ್ತು ಹೆಜ್ಜೆ ಆಚೆ ಇರುವ ಹೆಂಡತಿಗೆ ಕಾಗದ ಬರೆಯುವವನನ್ನು ಏನೆನ್ನಬೇಕೋ ಗೊತ್ತಿಲ್ಲ. ಆದರೆ ಮೂರು ದಿನದಿಂದ ನಿನ್ನ ಮುಂದೆ ಬಾಯಿ ತೆರೆದಾಗಲೆಲ್ಲ "ಚಹಾ ಬೇಕಾ?" ಎಂಬುದೊಂದೇ ಹೊರಗೆ ಬರುತ್ತಿದೆ. ದಿನಕ್ಕೆ ಇಷ್ಟೇ ನೀರು ಎಂದು ನರ್ಸ್ ಬರೆದುಕೊಟ್ಟ ಚೀಟಿ ಎದುರಿಗೇ ಅಂಟಿಸಿದೆ. ಆದರೂ ಕೇಳುತ್ತೇನೆ.

ಬರೆಯುವುದು ನನಗೆ ಒಗ್ಗಿದ್ದಲ್ಲ, ನಿನಗೆ ಗೊತ್ತು. ಒಂಬತ್ತನೇ ಕ್ಲಾಸಿನಲ್ಲಿ, ನಾನು ಒಡೆಯದ ಕಿಟಕಿಗೆ ಕ್ಷಮಾಪಣೆ ಬರೆದುಕೊಡು ಎಂದರು. ಬರೆಯಲಿಲ್ಲ. ಅವತ್ತು ಎದ್ದು ಬಂದವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಆಮೇಲೆ ಕಾಡ್ಗಿಚ್ಚು ಆರಿಸುವ ತಂಡ, ಮೀನಿನ ಷೆಡ್ಡು, ಛಾವಣಿ ಕೆಲಸ. ಯಾವುದರಲ್ಲೂ ಒಂದು ವರ್ಷ ಪೂರ್ತಿ ನಿಂತವನಲ್ಲ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ಕಣೋ ಡ್ವೇನ್" ಎಂದು ನೀನು ನಗುತ್ತಿದ್ದೆ. ಈ ಸರೋವರ, ಈ ಮಣ್ಣು ರಸ್ತೆ, ಈ ಒಂದೇ ಅಂಗಡಿ ಬಿಟ್ಟು ಹೋಗೋಣ ಎಂದು ಮದುವೆಗೆ ಮೊದಲಿನಿಂದ ನಿನ್ನ ತಲೆ ತಿಂದವನೂ ನಾನೇ. ಈಗ ಬಿಡುವುದಕ್ಕೆ ಕಾರಣ ಸಿಕ್ಕಿದೆ. ಅಂಥ ಕಾರಣ ಹಗೆಯವನಿಗೂ ಬೇಡ.

ಇಪ್ಪತ್ತನಾಲ್ಕು ವರ್ಷದ ನಿನ್ನ ಎರಡು ಕಿಡ್ನಿಗಳೂ ಸೇರಿ ಹತ್ತರಲ್ಲಿ ಒಂದು ಪಾಲು ಕೆಲಸವನ್ನೂ ಮಾಡುತ್ತಿಲ್ಲ ಎಂದರು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ರಕ್ತ ಶುದ್ಧ ಮಾಡುವ ಯಂತ್ರಕ್ಕೆ ಕೈ ಒಡ್ಡಿ ಕೂರಬೇಕು. ಹತ್ತಿರದ ಪಟ್ಟಣದ ಯಂತ್ರಗಳಿಗೆ ಸರದಿ ಇದೆ. ಜಾಗ ಇರುವುದು ಎಂಟು ಗಂಟೆ ದಾರಿಯ ವಿನ್ನಿಪೆಗ್ ನಗರದಲ್ಲಿ. "ಮೊದ್ಲು ಒಂದ್ಸಲ ಹೋಗಿ ನೋಡ್ಕೊಂಡ್ ಬರೋಣ. ಅಂಗಡಿಗೆ ಹೋದ್ರೆ ಆಲೂಗಡ್ಡೇನೂ ಮುಟ್ಟಿ ನೋಡಿ ತಗೋತಾರೆ, ಇದು ಊರು" ಎಂದೆ ನೀನು. ಹೊರಟೆವು.

ಹೋಗುವ ದಾರಿ ಚೆನ್ನಾಗಿತ್ತು, ಅಲ್ಲವಾ? ಊರು ಕಾಣುವವರೆಗೆ ಕಾಯಿಲೆಯ ಮಾತು ಬೇಡ ಎಂದು ನೀನು ಕಟ್ಟಪ್ಪಣೆ ಮಾಡಿದ್ದೆ. ಸೀಟಿನ ಮೇಲೆ ಕಾಲು ಮಡಚಿ ಕೂತು ನಿನ್ನ ಅಣ್ಣಂದಿರ ಗೊರಕೆಯನ್ನು ಒಬ್ಬೊಬ್ಬರದಾಗಿ ಅಣಕಿಸಿದೆ. ನಗುತ್ತ ನಗುತ್ತ ನಾನು ಟ್ರಕ್ಕನ್ನು ಹಳ್ಳಕ್ಕೆ ಇಳಿಸುವುದರಲ್ಲಿದ್ದೆ. ಅತ್ತೆ ಕಟ್ಟಿಕೊಟ್ಟ, ಉಪ್ಪು ಹಚ್ಚಿ ಹೊಗೆಯಲ್ಲಿ ಒಣಗಿಸಿದ ಮೀನನ್ನು ನೀನು ತಿನ್ನುವಂತಿರಲಿಲ್ಲ. ಮೂಸಿ ನೋಡಿ ನನ್ನ ಬಾಯಿಗೆ ಇಟ್ಟೆ. "ನಿಧಾನಕ್ಕೆ ಅಗಿ, ನಂಗೂ ಸೇರ್ಸಿ" ಎಂದೆ. ಆ ಒಂದು ತುತ್ತನ್ನು ಎಷ್ಟೋ ಮೈಲಿ ಅಗಿದೆ.

ನೋಡಲು ಹೋದ ಬಾಡಿಗೆ ಮನೆ ಕೆಟ್ಟದಾಗಿರಲಿಲ್ಲ. ಮೂರನೇ ಮಹಡಿ, ಕೆಳಗೇ ಆಸ್ಪತ್ರೆಯ ಬಸ್ಸು. ಕಟ್ಟಡ ನೋಡಿಕೊಳ್ಳುವ ಕೋರಾ ಫಿಲಿಪೀನ್ಸಿನ ಹೆಂಗಸು. ಬಂದು ಮೂವತ್ತು ವರ್ಷವಾಯಿತಂತೆ. ನಿನ್ನ ಮುಖ ನೋಡಿದವಳೇ ಮೊದಲು ಕುರ್ಚಿ ಎಳೆದು ಹಾಕಿದಳು, ಆಮೇಲೆ ಮನೆ ತೋರಿಸಿದಳು. ನಾನು ಫ್ಲಾಸ್ಕ್ ತರಲು ಕೆಳಗೆ ಹೋದೆ. ವಾಪಸ್ ಬರುವಾಗ ಮಹಡಿ ಎಣಿಸಲಿಲ್ಲ. ಎಲ್ಲ ಬಾಗಿಲೂ ಒಂದೇ ಬಣ್ಣ. ತಳ್ಳಿದೆ, ತೆರೆಯಿತು. ಮುದುಕನೊಬ್ಬ ಟಿವಿಯಲ್ಲಿ ಹಾಕಿ ಪಂದ್ಯ ನೋಡುತ್ತ ಕೂತಿದ್ದ. ಕೋರಾಳ ಗಂಡನಿರಬೇಕು ಎಂದುಕೊಂಡೆ. ಹಿರಿಯರಿದ್ದ ಮನೆ ಹೊಕ್ಕ ಮೇಲೆ ನಾವು ಏನು ಮಾಡುತ್ತೇವೋ ಅದನ್ನೇ ಮಾಡಿದೆ. "ಏನ್ ಅಜ್ಜಾ, ಯಾರು ಗೆಲ್ತಿದಾರೆ?" ಎಂದು ಕೇಳುತ್ತ ಅಡುಗೆಮನೆಗೆ ನಡೆದು, ಒಲೆಯ ಮೇಲೆ ಕೆಟಲ್ ಇಟ್ಟೆ.

ತಿರುಗಿದಾಗ ಅವನು ಗೋಡೆಗೆ ಒರಗಿ ನಿಂತು ಊರುಗೋಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. "ಏನ್ ಬೇಕಾದ್ರೂ ತಗೊಂಡ್ ಹೋಗು, ನನ್ನ ಮುಟ್ಬೇಡ" ಎಂದ. ಶರ್ಲೀ, ನನ್ನ ಜನ್ಮದಲ್ಲಿ ಯಾರೂ ನನಗೆ ಹಾಗೆ ಹೆದರಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ಚಹಾಪುಡಿಯ ಡಬ್ಬಿ.

ಕೋರಾ ಓಡಿಬಂದು ಅವನನ್ನು ಕೂರಿಸಿದಳು. "ಏನಪ್ಪಾ ನೀನು! ಬಾಗ್ಲು ತಟ್ಟೋದ್ ಕಲಿಸಿಲ್ವಾ ನಿಮ್ಮಮ್ಮ?" ಎಂದಳು. ನೀನು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. "ತಟ್ಟಿದ್ರೆ ಅವರಮ್ಮನೇ ಬೈತಾಳೆ, 'ನಾವೇನು ಪರಕೀಯರಾ' ಅಂತ. ನಮ್ಮೂರಲ್ಲಿ ಬಾಗ್ಲು ತಟ್ಟೋರು ಪೊಲೀಸ್ರು ಮಾತ್ರ" ಎಂದೆ ನೀನು. ಕೋರಾಳೂ ನಕ್ಕಳು. ಅವಳು ಆಚೆ ಹೋದ ಮೇಲೆ ನಿನ್ನ ನಗು ನಿಂತಿತು. "ಹಂಗಾದ್ರೆ ಇಲ್ಲಿ ನಮ್ಮನೆಗೆ ಯಾರೂ ಸುಮ್ನೆ ಬರಲ್ಲ, ಅಲ್ವಾ?" ಎಂದು ಕೇಳಿದೆ. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತೆ.

ಮರುದಿನ ಯಂತ್ರಗಳ ಕೋಣೆ. ಸಾಲಾಗಿ ಕುರ್ಚಿಗಳು. ನಮ್ಮ ಸರೋವರದ ಆಚೆ ದಡದ ಆಗ್ನೆಸ್ ಅಜ್ಜಿ ಅಲ್ಲಿ ಸಿಕ್ಕಳು. ಆರು ವರ್ಷದಿಂದ ಕೂರುತ್ತಿದ್ದಾಳಂತೆ. "ಮೊದಲ್ನೇ ವರ್ಷ ಊರಿಂದ ಜನ ಬಂದ್ರೂ ಬಂದ್ರು ಮಗಾ, ಸಂತೆ. ಈಗ ನರ್ಸ್‌ಗಳೇ ನೆಂಟ್ರು" ಎಂದಳು. ಪಕ್ಕದ ಖಾಲಿ ಕುರ್ಚಿ ಯಾರದು ಎಂದು ನೀನು ಕೇಳಿದೆ. ಅದರಲ್ಲಿದ್ದ ಹೆಂಗಸು ಯಂತ್ರ ಸಾಕು ಎಂದು ಹೇಳಿ ಊರಿಗೆ ಹೋದಳಂತೆ. ಹನ್ನೊಂದು ದಿನ ಬದುಕಿದ್ದಳು. ಮನೆ ತುಂಬ ಜನ, ಹಗಲೆಲ್ಲ ಹಾಡು, ಕಿಟಕಿಯಲ್ಲಿ ನೀರು ಕಾಣುತ್ತಿತ್ತು. ಅಜ್ಜಿ ಇದನ್ನು ದುಃಖದಿಂದ ಹೇಳಲಿಲ್ಲ. ನೀನೂ ದುಃಖದಿಂದ ಕೇಳಲಿಲ್ಲ. ನಾನು ನಿನ್ನ ಮುಖ ನೋಡುತ್ತಿದ್ದೆ. ಆ ಎರಡು ದಿನದಲ್ಲಿ ಮೊದಲ ಸಲ ಅದು ಸಡಿಲವಾಯಿತು. ಅದನ್ನು ಕಂಡೇ ನಾನು ಹೆದರಿದೆ.

ಬರುವಾಗ ಪೆಟ್ರೋಲ್ ಬಂಕಿನಲ್ಲಿ ನೀನು ಕೇಳಿದೆ: "ನೀನು ಸುಳ್ಳು ಹೇಳೋನಲ್ಲ, ಅದಕ್ಕೇ ನಿನ್ನ ಕೇಳ್ತಿದೀನಿ. ನಾನು ಬರಲ್ಲ, ಊರಲ್ಲೇ ಇದ್ದು ಆದಷ್ಟು ದಿನ ಆಗ್ಲಿ ಅಂದ್ರೆ, ಸರಿ ಅಂತೀಯಾ?" ನಾನು ರೇಡಿಯೋ ಹಾಕಿದೆ. ಅದರಲ್ಲಿ ಹವಾಮಾನ ವರದಿ ಬರುತ್ತಿತ್ತು. ಮನೆ ಮುಟ್ಟುವವರೆಗೂ ಅದನ್ನೇ ಕೇಳಿಸಿಕೊಂಡೆ, ಹೇಡಿ.

ಈಗ ಬರೆಯುತ್ತೇನೆ. ಮೊದಲು ಸುಳ್ಳಿನ ಲೆಕ್ಕ. ನನ್ನ ಕಿಡ್ನಿ ನಿನಗೆ ಹೊಂದುತ್ತದೋ ಎಂಬ ಪರೀಕ್ಷೆಯ ಫಲ ಇನ್ನೂ ಬಂದಿಲ್ಲ ಎಂದಿದ್ದೆನಲ್ಲ, ಬಂದಿದೆ. ಬಂದು ಹದಿನೈದು ದಿನವಾಯಿತು. ನನಗೆ ಸಕ್ಕರೆ ಕಾಯಿಲೆ ಇದೆಯಂತೆ, ನನ್ನದನ್ನು ತೆಗೆಯುವಂತಿಲ್ಲವಂತೆ. ಎರಡು ಇಟ್ಟುಕೊಂಡು ಒಂದು ಕೊಡಲಾಗದವನು ಎಂದು ಹೇಳಲು ನಾಲಿಗೆ ಹೊರಳಲಿಲ್ಲ. ಎರಡನೆಯದು, ಆ ಮುದುಕ ಕೋಲೆತ್ತಿದಾಗ, ಊರು ಬಿಡಬೇಕು ಊರು ಬಿಡಬೇಕು ಎನ್ನುತ್ತಿದ್ದ ನನಗೇ ಓಡಿ ಮನೆಗೆ ಬಂದುಬಿಡಬೇಕು ಅನ್ನಿಸಿತು. ನಿನಗೆ ಅನ್ನಿಸಿದ್ದು ತಪ್ಪು ಎಂದು ನಾನು ಹೇಗೆ ಹೇಳಲಿ?

ಮೂರನೆಯದನ್ನು ಓದಿ ನೀನು ಬೈದೇ ಬೈಯುತ್ತೀಯ. ಇವತ್ತು ಬೆಳಿಗ್ಗೆ ನಿನ್ನನ್ನು ಕೇಳದೆ ಕೋರಾಗೆ ಫೋನ್ ಮಾಡಿ ಮನೆ ನಮಗೇ ಇರಲಿ ಎಂದೆ. ಆಸ್ಪತ್ರೆಗೂ ಮಾಡಿದೆ. ಸೋಮವಾರ ಬೆಳಿಗ್ಗೆ ಆ ಖಾಲಿ ಕುರ್ಚಿ ನಿನ್ನ ಹೆಸರಿಗಿದೆ. ಅವತ್ತು ಹೋಗದಿದ್ದರೆ ಸರದಿಯಲ್ಲಿ ಮುಂದಿನವರಿಗೆ ಕೊಡುತ್ತಾರೆ. ನಿನ್ನ ದೇಹ, ನಿನ್ನ ಊರು, ನಿನ್ನ ಜನ. ನಿರ್ಧಾರ ಮಾಡಲು ನಾನು ಯಾರು? ಯಾರೂ ಅಲ್ಲ. ಆದರೂ ಮಾಡಿದೆ. ಕೈಗಳು ಸುಮ್ಮನಿರಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಇದು. ನೀನು ಬರಲ್ಲ ಎಂದರೆ ನಿನ್ನನ್ನು ಎತ್ತಿ ಟ್ರಕ್ಕಿಗೆ ಹಾಕುವುದಿಲ್ಲ. ಬೈಯುವುದಿಲ್ಲ. ಹನ್ನೊಂದು ದಿನವಾಗಲಿ, ನೂರು ದಿನವಾಗಲಿ, ನಿನ್ನ ಹಾಸಿಗೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಆದರೆ ನನ್ನ ಬಾಯಲ್ಲಿ "ಸರಿ" ಎನ್ನಿಸಬೇಡ. ಅದನ್ನು ಹೇಳಿದರೆ ಅದು ನನ್ನ ಬದುಕಿನ ದೊಡ್ಡ ಸುಳ್ಳಾಗುತ್ತದೆ. ನನಗೆ ನೀನು ಬೇಕು, ಯಾವ ಊರಿನಲ್ಲಾದರೂ, ಯಾವ ಕುರ್ಚಿಯಲ್ಲಾದರೂ. ಇದು ನಿನಗೆ ಒಳ್ಳೆಯದೋ ಅಲ್ಲವೋ ನನಗೆ ಗೊತ್ತಿಲ್ಲ. ನನಗೆ ಬೇಕು, ಅಷ್ಟೇ ಗೊತ್ತು.

ಅತ್ತೆ ಪರದೆ ಸರಿಸಿ ನನ್ನನ್ನು ನೋಡುತ್ತಿದ್ದಾರೆ. ಈ ಕಾಗದವನ್ನು ನಿನ್ನ ಮಾತ್ರೆಗಳ ಡಬ್ಬಿಯ ಕೆಳಗೆ ಇಟ್ಟು ಸೌದೆ ಒಡೆಯಲು ಹೋಗುತ್ತೇನೆ. ಇವತ್ತು ಶುಕ್ರವಾರ. ಓದಿ ಮುಗಿಸಿದ ಮೇಲೆ ಕರೆ. ಬೈಯುವುದಕ್ಕಾದರೂ ಕರೆ.

ಈ ವರ್ಷ ಸರೋವರದ ನೀರು ತಡವಾಗಿ ಹೆಪ್ಪುಗಟ್ಟಲಿ. ನೀನು ಅದನ್ನು ನೋಡುವ ವರ್ಷಗಳು ನನ್ನ ವರ್ಷಗಳಿಗಿಂತ ಒಂದಾದರೂ ಹೆಚ್ಚಿರಲಿ.

ಏನೂ ಕೊಡಲಾಗದ, ಬೇಡುವುದನ್ನೂ ಬಿಡಲಾಗದ ನಿನ್ನ
ಡ್ವೇನ್