ಧೂಳಿನ ಮೇಲಿನ ಸುಣ್ಣ

ವೊಲ್ನೆ,
ಮೇ 14, 2023

ಗಾಸ್ಪಾರ್,

‘ಪ್ರಿಯ’ ಅಂತ ಬರೆದ ಹಾಳೆಯನ್ನು ಹರಿದು ಹಾಕಿದೆ. ಹಾಗಾಗಿ ಬರೀ ಹೆಸರು. ನಿನ್ನ ಮೊಣಕಾಲು ಹೇಗಿದೆ? ದಿಜೋಂನಲ್ಲಿ ನೀನು ಒಂದು ಮಹಡಿ ಹತ್ತಲೂ ಒದ್ದಾಡುತ್ತೀಯ ಅಂತ ಅಪೊಲಿನ್ ಹೇಳಿದಳು. ಮಹಡಿ ಹತ್ತಲಾರದವನು ನನ್ನ ನೆಲಮಾಳಿಗೆಗೆ ಹೇಗೆ ಇಳಿದೆ ಅಂತ ಕೇಳಲಿಕ್ಕೇ ಈ ಕಾಗದ.

ಮೊನ್ನೆ ಬೋನ್‌ನ ವೈನ್ ಹರಾಜಿಗೆ ಹೋಗಿದ್ದೆ. ಪಕ್ಕದ ಮನೆಯ ಜೆರ್ಮೇನ್ ತೀರಿಹೋದ ಗಂಡ ಕೂಡಿಟ್ಟ ಬಾಟಲಿಗಳನ್ನು ಮಾರುತ್ತಿದ್ದಳು. “ಒಬ್ಬಳೇ ಹೋದ್ರೆ ಅಳ್ತೀನಿ, ನೀನಿದ್ರೆ ಅವನನ್ನ ಬೈಕೊಂಡು ನಗ್ತೀನಿ, ಬಾರೇ” ಅಂದಳು. ಕೊಳ್ಳುವವರು ನೋಡಲೆಂದು ಮೇಜಿನ ಮೇಲೆ ಬಾಟಲಿಗಳನ್ನು ಮಲಗಿಸಿದ್ದರು. ಅಲ್ಲಿ ನನ್ನ ಅಪ್ಪ ಸಿಕ್ಕ. ಲೇಬಲ್ ಇಲ್ಲದ ಹನ್ನೆರಡು ಬಾಟಲಿ, ಕೊರಳಿಗೆ ಕೆಂಪು ಅರಗು, ಮೇಲ್ಮಗ್ಗುಲಿಗೆ ಒಂದೊಂದು ಸುಣ್ಣದ ಬೊಟ್ಟು.

ಅಪೊಲಿನ್ ಹುಟ್ಟಿದ ವರ್ಷದ ವೈನ್. ಮೊಮ್ಮಗಳ ಮದುವೆಗೆಂದು ಅಪ್ಪ ತಾನೇ ಮಾಡಿ, ತಾನೇ ಮಲಗಿಸಿ, ತನ್ನ ಬೆರಳಿಂದಲೇ ಬೊಟ್ಟಿಟ್ಟದ್ದು. “ಬೊಟ್ಟು ಯಾವಾಗ್ಲೂ ಮೇಲಿರ್ಲಿ ಅಳಿಯಂದಿರೇ. ಮಗ್ಗುಲು ಬದಲಾದ್ರೆ ಗಸಿ ಏಳುತ್ತೆ, ಗಸಿ ಎದ್ರೆ ನಾನೂ ಗೋರಿಯಿಂದ ಎದ್ ಬರ್ತೀನಿ” ಅಂತ ನಿನಗೇ ಹೇಳಿದ್ದ.

“ಆನ್ಸೆಲ್ಮ್ ಗಾರ್ನೆರೋ ಕೈಯ ತೊಂಬತ್ತಾರನೇ ಇಸವಿಯ ವೈನ್! ಸ್ವಂತ ಮನೆಯ ನೆಲಮಾಳಿಗೆಯಿಂದ ಕದಲದೇ ಇದ್ದ ಮಾಲು!” ಅಂತ ಹರಾಜಿನವನು ಕೂಗಿದ. ಅದು ನನ್ನದು ಅನ್ನಲು ಬಾಯಿ ತೆರೆದೆ. ಆದರೆ ನನ್ನ ಹನ್ನೆರಡು ಬಾಟಲಿ ಮನೆಯಲ್ಲೇ ಇವೆಯಲ್ಲ, ಹಿಂದಿನ ವಾರ ತಾನೇ ನೋಡಿದ್ದೆ! ತೆರೆದ ಬಾಯಿ ಮುಚ್ಚುವಷ್ಟರಲ್ಲಿ ಸುತ್ತಿಗೆ ಬಿತ್ತು. ಬ್ರಸೆಲ್ಸ್‌ನ ಯಾರೋ ಫೋನಿನಲ್ಲೇ ಕೊಂಡುಬಿಟ್ಟರು. ತಂದುಕೊಟ್ಟವರು ಯಾರು ಅಂತ ಅಲ್ಲಿನ ಹುಡುಗಿಯನ್ನು ಕೇಳಿದೆ. “ದಿಜೋಂನ ಯಜಮಾನ್ರು ಮೇಡಂ, ಕೋಲೂರಿಕೊಂಡು ಬಂದಿದ್ರು. ಮಾವನ ನೆನಪು ಅಂತ ಕಣ್ಣೊರೆಸ್ಕೊಂಡ್ರು, ಪಾಪ.”

ಪಾಪ! ನೀನು ಮನೆ ಬಿಟ್ಟಾಗ ರೇಡಿಯೊ ಒಯ್ದೆ, ತಾಮ್ರದ ಬೋಗುಣಿ ಒಯ್ದೆ. ನೀನು ಒಯ್ದೆ, ನಾನು ಬೈದೆ, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಮನೆಗೆ ಬಂದು ಕೆಳಗಿಳಿದೆ. ಗೂಡಿನಲ್ಲಿ ಹನ್ನೆರಡೂ ಮಲಗಿವೆ. ಅದೇ ಅರಗು, ಅದೇ ಬೊಟ್ಟು. ಆದರೆ ಅಪ್ಪನ ಬೊಟ್ಟಿನ ಮೇಲೆ ಧೂಳು ಕೂತಿತ್ತು. ಇವುಗಳಲ್ಲಿ ಧೂಳಿನ ಮೇಲೆ ಬೊಟ್ಟು ಕೂತಿದೆ. ಎಲ್ಲಿಂದಲೋ ಹಳೇ ಬಾಟಲಿ ತಂದು, ಧೂಳನ್ನು ಜೋಪಾನವಾಗಿ ಉಳಿಸಿ, ಆಮೇಲೆ ಸುಣ್ಣ ಹಚ್ಚಿದ್ದೀಯ. ಇಷ್ಟು ವರ್ಷ ಈ ಮನೆಯಲ್ಲಿ ಕುಡಿದೆ; ಬೊಟ್ಟು ಮೊದಲು, ಧೂಳು ಆಮೇಲೆ ಅನ್ನುವಷ್ಟೂ ಕಲಿಯಲಿಲ್ಲ. ಒಂದನ್ನು ತೆರೆದು ರುಚಿ ನೋಡಿದೆ. ದನದ ಮಾಂಸ ಬೇಯಿಸಲಿಕ್ಕೆ ಚೆನ್ನಾಗಿದೆ.

ಮುಂದಿನ ತಿಂಗಳು ಮದುವೆ. ನಮ್ಮ ಮನೆಯ ಪದ್ಧತಿ ಮರೆತಿಲ್ಲ ತಾನೇ? ಮೊದಲ ಗುಟುಕು ಹುಡುಗಿಯ ಅಪ್ಪನದು. ಕುಡಿದು, ಎದ್ದು ನಿಂತು, ಇದು ಯಾರ ಕೈಯ ವೈನ್ ಅಂತ ಎಲ್ಲರಿಗೂ ಕೇಳುವಂತೆ ಹೇಳಬೇಕು. ನಿನ್ನ ಲೋಟ ನಾನೇ ತುಂಬುತ್ತೇನೆ. ಹೇಳು ನೋಡೋಣ. ನೀನು ಸುಳ್ಳು ಹೇಳಿದರೆ, ಬೀಗರೆದುರೇ ನಿಜ ನಾನು ಹೇಳುತ್ತೇನೆ.

ಅಪೊಲಿನ್‌ಗೆ ಇನ್ನೂ ತಿಳಿಸಿಲ್ಲ. ಅಜ್ಜನ ವೈನ್ ಅಂದರೆ ಅವಳಿಗೆ ಜೀವ. ಬೆಳಿಗ್ಗೆ ಫೋನ್ ಮಾಡಿ, “ಅಮ್ಮಾ, ಆ ಬಾಟ್ಲಿಗಳನ್ನ ನೀನು ಮುಟ್ಟೋಕೆ ಹೋಗ್ಬೇಡ, ಆ ದಿನ ನಾನೇ ಮೇಲೆ ತರ್ತೀನಿ” ಅಂದಳು. ಅವಳಿಗೆ ಏನಂತ ಹೇಳಲಿ, ನೀನೇ ಹೇಳು.

ನೀನು ಬಿಟ್ಟು ಹೋದರೂ ನಿನ್ನನ್ನು ಬಿಡದ,
ಒಡೆಟ್

ಮತ್ತೆ ಸೇರಿಸಿದ್ದು: ಲಕೋಟೆ ಅಂಟಿಸುವ ಮುಂಚೆ ಇನ್ನೊಮ್ಮೆ ಕೆಳಗಿಳಿದೆ. ಎಷ್ಟು ಕಡಿದಾದ ಮೆಟ್ಟಿಲು! ನಿನ್ನ ಮೊಣಕಾಲು ನೆನಪಾಯಿತು. ಟಾರ್ಚ್ ಹಿಡಿದು ಬೊಟ್ಟುಗಳನ್ನು ನೋಡಿದೆ. ಸಣ್ಣ ಬೆರಳಿನ ಗುರುತು, ಪ್ರತಿಯೊಂದರ ನಡುವೆಯೂ ಓರೆಯಾಗಿ ಒಂದು ಗೆರೆ. ಏಳು ವರ್ಷದವಳಿದ್ದಾಗ ಅಪೊಲಿನ್ ಒಡೆದ ಬಾಟಲಿ ಎತ್ತಲು ಹೋಗಿ ಕೊಯ್ದುಕೊಂಡಿದ್ದಳಲ್ಲ, ನಾನು ಬೆರಳು ಹಿಡಿದೆ, ನೀನು ಬಟ್ಟೆ ಸುತ್ತಿದೆ. ಅದೇ ಗೆರೆ.

ಕೇಳಿದ್ದರೆ ಕೊಡುತ್ತಿದ್ದೆ ಅಂತ ಅವಳಿಗೆ ಹೇಳು. ಬೇಡ, ಏನೂ ಹೇಳಬೇಡ. ಮದುವೆಯ ದಿನ ಮೊದಲ ಗುಟುಕು ನಾನು ಕುಡಿಯುತ್ತೇನೆ. ಇದು ನನ್ನ ಅಪ್ಪನ ಕೈ ಅಂತ ನಾನೇ ಎದ್ದು ಹೇಳುತ್ತೇನೆ. ನೀನು ಸುಮ್ಮನೆ ಕೂತಿರು. ಆಗ ಮಾತ್ರ ಅವಳ ಮುಖ ನೋಡಬೇಡ. ನಾನೂ ನೋಡುವುದಿಲ್ಲ.