ಉದಾಹರಣೆಯಾದ ಅಣ್ಣ

ಮಂಗಳವಾರ, ಜುಲೈ 15, ಹಾಸನ

ವಿಮಾನ ಸಿಬ್ಬಂದಿಯ ತರಬೇತಿಯಲ್ಲಿ ಇವತ್ತು ಅಣ್ಣನ ಬಗ್ಗೆ ಸುಳ್ಳು ಹೇಳಿದೆ.

ಕ್ಯಾಪ್ಟನ್ ತಪ್ಪು ಮಾಡುತ್ತಿದ್ದರೆ ಕಿರಿಯರು ಬಾಯಿ ಬಿಟ್ಟು ಹೇಳಬೇಕು ಎನ್ನುವುದು ಪಾಠ. ಹಾಗೆ ಹೇಳದೆ ಅನಾಹುತವಾದ ಒಂದೊಂದು ಘಟನೆಯನ್ನು ನಾವೆಲ್ಲ ಹೇಳಬೇಕಿತ್ತು. ನನಗೇನೂ ತೋಚಲಿಲ್ಲ. ನಮ್ಮ ಕೀರ್ತಿ ಅಣ್ಣ ಲಾರಿ ಕ್ಲೀನರ್ ಆಗಿದ್ದ, ಡ್ರೈವರ್ ತೂಕಡಿಸುವುದನ್ನು ನೋಡಿಯೂ ಹೆದರಿ ಸುಮ್ಮನೆ ಕೂತಿದ್ದ, ಅದಕ್ಕೇ ಸತ್ತ ಎಂದುಬಿಟ್ಟೆ. ಬೇರೆಯವರಿಗಿಂತ ಜೋರಾಗಿ ನನಗೆ ಚಪ್ಪಾಳೆ ತಟ್ಟಿದರು.

"ಇದನ್ನ ಮುಂದಿನ ಬ್ಯಾಚಿಗೂ ಹೇಳ್ತೀನಿ ಕಣಮ್ಮ" ಎಂದರು ಪಾಠ ಮಾಡುವ ಸುದರ್ಶನ್ ಸಾರ್. ಥ್ಯಾಂಕ್ಸ್ ಎಂದೆ. ನಕ್ಕೆ ಕೂಡ.

ಲಾರಿಯೊಳಗೆ ಏನಾಯಿತೆಂದು ಯಾರಿಗೂ ಗೊತ್ತಿಲ್ಲ. ಅಪಘಾತದಲ್ಲಿ ಅಣ್ಣ, ಡ್ರೈವರ್ ಇಬ್ಬರೂ ಉಳಿಯಲಿಲ್ಲ.

ಸಂಜೆ ಕೊಣನೂರಿನಿಂದ ಅವ್ವ ಫೋನ್ ಮಾಡಿದಳು. "ಕ್ಲಾಸಲ್ಲಿ ಮಾತಾಡ್ದ್ಯಾ ಮಗ? ಸುಮ್ಕೆ ಕೂರ್ಬ್ಯಾಡ. ನಿಮ್ಮಣ್ಣ ಯಾರ್ ಮುಂದಾದ್ರೂ ಬಾಯ್ ಮುಚ್ಕೊಂಡಿದ್ನಾ?"

"ಮಾತಾಡ್ದೆ ಕಣವ್ವ."

"ಏನಂತ?"

"ವಿಮಾನದ್ದು" ಎಂದೆ.

ಹೊಸ ಬ್ಯಾಚು ಸೋಮವಾರ ಬರುತ್ತದೆ. ಅಷ್ಟರೊಳಗೆ ಸಾರ್ ಹತ್ತಿರ ಹೋಗಿ, ಅಣ್ಣ ಹೆದರಿದ್ದನ್ನು ನಾನು ನೋಡಿಲ್ಲ, ಯಾರೂ ನೋಡಿಲ್ಲ ಎಂದು ಹೇಳಬೇಕು. ಕೇಳಿದವರೆಲ್ಲರ ಎದುರಿಗೇ ಹೇಳಬೇಕು. ಮತ್ತೆ ಯಾಕೆ ಹಾಗಂದೆ ಎಂದು ಅವರು ಕೇಳಿದರೆ ಏನು ಹೇಳಲಿ?

ನನ್ನ ಜಾಗದಲ್ಲಿ ಅಣ್ಣ ಇದ್ದಿದ್ದರೆ ಅಲ್ಲೇ ಎದ್ದು ಹೇಳಿಬಿಡುತ್ತಿದ್ದ. ನಾನು ಇಲ್ಲಿ ಡೈರಿಯಲ್ಲಿ ಬರೆಯುತ್ತಾ ಕೂತಿದ್ದೇನೆ.